‘ಜಾಮೀನು ಸಿಕ್ಕಿದೆ, ಜಾಮೀನು ಕರೆತನ್ನಿ’ ಎಂದರೇನು?

ಪ್ರಶ್ನೆ: ಹೊಡೆದಾಟದ ಪ್ರಕರಣದಲ್ಲಿ ನನ್ನ ತಂಗಿಯ ಮಗನಿಗೆ ಜಾಮೀನು ಮಂಜೂರಾಗಿದೆ ಎಂದ ವಕೀಲರು, ಮರುಗಳಿಗೆಗೆ ‘ಜಾಮೀನು ಕರೆತನ್ನಿ’ ಎಂದರು. ಸಿಕ್ಕಿದ್ದನ್ನೇ ಮತ್ತೆ ತರುವುದೇಕೆ? ನನ್ನ ಹೊಲದ ಪಹಣಿಯನ್ನೂ ಕೇಳುತ್ತಿದ್ದಾರೆ. ಹುಡುಗ ತಪ್ಪಿಸಿಕೊಂಡರೆ ಅವನ ಶಿಕ್ಷೆ ನನಗೆ ಬರುವುದೇ?
– ಓದುಗರು, ಚಿತ್ತಾಪುರ

ಉತ್ತರ: ನಿಮ್ಮ ಗೊಂದಲ ಸಹಜವಾದದ್ದು. ಅರಬ್ಬಿ ಮೂಲದ ‘ಜಾಮಿನ್’ ಎಂದರೆ ಹೊಣೆ ಹೊತ್ತವನು. ಬಿಡುಗಡೆಗೆ ‘ಜಮಾನತ್’ ಎಂಬ ಬೇರೆ ರೂಪವಿದ್ದು, ನಿಜಾಮರ ಕಾಲದಲ್ಲಿ ಉರ್ದು ಕಚೇರಿಭಾಷೆಯಾಗಿದ್ದ ಕಲಬುರಗಿಯ ಕಡೆ ಹಿರಿಯರ ಬಾಯಲ್ಲಿ ಅದು ಇಂದಿಗೂ ಕೇಳಿಬರುತ್ತದೆ. ಕನ್ನಡದಲ್ಲಿ ಮಾತ್ರ ಬಿಡುಗಡೆಗೂ, ಅದಕ್ಕೆ ಹೊಣೆ ನಿಲ್ಲುವ ವ್ಯಕ್ತಿಗೂ ‘ಜಾಮೀನು’ ಎಂದೇ ಹೇಳುವುದು ರೂಢಿಯಾಯಿತು. ವ್ಯಕ್ತಿಯನ್ನು ‘ಜಾಮೀನುದಾರ’ ಎಂದೇ ಬರೆಯುವುದು ಉತ್ತಮವೆಂದು ನನ್ನ ಅಭಿಪ್ರಾಯ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಅದಕ್ಕೆ ಮುಂಚಿನ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇಲ್ಲದಿದ್ದ ಜಾಮೀನಿನ ವ್ಯಾಖ್ಯೆಯನ್ನು 2ನೇ ಕಲಮಿನಲ್ಲಿ ಕೊಟ್ಟಿದೆ. ಆರೋಪಿಯೊಬ್ಬನೇ ಬರೆದುಕೊಡುವ ಮುಚ್ಚಳಿಕೆ ಅಲ್ಲಿ ‘ಬಾಂಡ್’; ಜಾಮೀನುದಾರನ ಹೊಣೆಯೂ ಕೂಡಿದರೆ ‘ಬೇಲ್ ಬಾಂಡ್’. ನಿಮ್ಮ ವಕೀಲರು ಕೇಳುತ್ತಿರುವುದು ಎರಡನೆಯದಕ್ಕೆ ಬೇಕಾದ ವ್ಯಕ್ತಿಯನ್ನು. ಜಾಮೀನು ಸಿಕ್ಕಿತೆಂದರೆ ಖುಲಾಸೆಯಾಯಿತೆಂದಲ್ಲ; ಪ್ರಕರಣ ಹಾಗೆಯೇ ನಡೆಯುತ್ತಿರುತ್ತದೆ.

ಹುಡುಗನ ಅಪರಾಧದ ಶಿಕ್ಷೆ ನಿಮಗೆ ಎಂದಿಗೂ ಬರುವುದಿಲ್ಲ. ನೀವು ಹೊರುವುದು ಅವನು ಕರೆದಾಗ ಹಾಜರಾಗುವನೆಂಬ ಹೊಣೆಯನ್ನು, ಅದೂ ಆದೇಶದಲ್ಲಿ ನಮೂದಾದ ಮೊತ್ತದ ಮಟ್ಟಿಗೆ. ಪಹಣಿ ಕೇಳುವುದು ಆ ಮೊತ್ತ ಕಟ್ಟುವ ಶಕ್ತಿ ನಿಮಗಿದೆಯೇ ಎಂದು ತಿಳಿಯಲಿಕ್ಕಾಗಿ; ಕೊಟ್ಟಮಾತ್ರಕ್ಕೆ ಹೊಲ ಕೈಬಿಡುವುದಿಲ್ಲ. ಆದರೆ ಅವನು ತಪ್ಪಿಸಿಕೊಂಡು ಮುಚ್ಚಳಿಕೆ ಮುಟ್ಟುಗೋಲಾದರೆ, 491ನೇ ಕಲಮಿನಂತೆ ನ್ಯಾಯಾಲಯವು ಹಣ ಕಟ್ಟಿರಿ ಇಲ್ಲವೇ ಕಾರಣ ಹೇಳಿರಿ ಎಂದು ಕೇಳುತ್ತದೆ. ಕಾರಣ ಒಪ್ಪಿಗೆಯಾಗದಿದ್ದರೆ ದಂಡದಂತೆ ವಸೂಲಿ ನಡೆಯುತ್ತದೆ. ವಸೂಲಿಯೂ ಆಗದಿದ್ದಾಗ ಜಾಮೀನುದಾರನನ್ನು 6 ತಿಂಗಳವರೆಗೆ ಸಿವಿಲ್ ಜೈಲಿನಲ್ಲಿರಿಸಲು ಅವಕಾಶವಿದೆ. ಮೊತ್ತದಲ್ಲಿ ಒಂದು ಪಾಲನ್ನು ಕಾರಣ ದಾಖಲಿಸಿ ಮನ್ನಾ ಮಾಡುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಆದ್ದರಿಂದ ಸಹಿ ಮಾಡುವ ಮುನ್ನ ಆದೇಶದ ಮೊತ್ತವನ್ನು ಓದಿಸಿಕೊಳ್ಳಿರಿ. ಹುಡುಗನ ಮೇಲಿನ ಭರವಸೆ ಮುಂದೆ ಕುಂದಿದರೆ, 489ನೇ ಕಲಮಿನ ಅಡಿ ಹೊಣೆಯಿಂದ ಬಿಡಿಸಬೇಕೆಂದು ಯಾವಾಗ ಬೇಕಾದರೂ ಅರ್ಜಿ ಕೊಡಬಹುದು. ಆಗ ಅವನನ್ನು ನ್ಯಾಯಾಲಯಕ್ಕೆ ಕರೆಸಿ, ಬೇರೆ ಜಾಮೀನುದಾರನನ್ನು ತರುವಂತೆ ಹೇಳಲಾಗುತ್ತದೆ.