ಮೇ 68ಕ್ಕೆ ಅಷ್ಟೊಂದು ಶ್ರೇಯ ಬೇಡ

ಬ್ಯಾಂಕಿನಲ್ಲಿ ಕೆಲಸ ಮಾಡುವ ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಫ್ರಾನ್ಸಿನ ಹೆಣ್ಣುಮಕ್ಕಳು ಮೊದಲಿನಿಂದಲೂ ಸ್ವತಂತ್ರರು ಅಂದುಕೊಂಡಿದ್ದೆ. ಈಗ ನೋಡಿದರೆ 1968ರ ಮೇ ತಿಂಗಳ ವಿದ್ಯಾರ್ಥಿ ಚಳವಳಿಯೇ ಎಲ್ಲವನ್ನೂ ಬದಲಿಸಿತು ಅನ್ನುತ್ತಾರೆ. ಒಂದು ತಿಂಗಳ ಗಲಾಟೆಯಿಂದ ಮನೆಯೊಳಗಿನ ಬದುಕು ಬದಲಾಗುತ್ತದಾ? ಮದುವೆ ಅನ್ನುವುದೇ ಅಲ್ಲಿ ಮುರಿದುಬಿತ್ತಾ?"

ಮೇಡಂ, ನಮಸ್ಕಾರ.

ಒಂದು ತಿಂಗಳಲ್ಲಿ ಬದಲಾಗುವುದಿಲ್ಲ. ಅಲ್ಲಿ ಬದಲಾಗಲೂ ಇಲ್ಲ. ನಿಮ್ಮ ಕೆಲಸದ ಜಾಗದಿಂದಲೇ ಶುರು ಮಾಡುತ್ತೇನೆ. 1965ರವರೆಗೆ ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವಂತಿರಲಿಲ್ಲ. ಅವಳು ಕೆಲಸಕ್ಕೆ ಹೋಗುವುದು ಗಂಡನಿಗೆ ಇಷ್ಟವಿಲ್ಲದಿದ್ದರೆ ಕಾನೂನು ಅವನ ಕಡೆಗಿತ್ತು. ಮತ ಹಾಕುವ ಹಕ್ಕು ಸಿಕ್ಕಿದ್ದೇ 1944ರಲ್ಲಿ. 1965ರ ಜುಲೈನಲ್ಲಿ ಬಂದ ಕಾನೂನು ಖಾತೆಗೂ ಕೆಲಸಕ್ಕೂ ಇದ್ದ ಅಡ್ಡಿ ತೆಗೆಯಿತು. 1967ರ ಡಿಸೆಂಬರಿನಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಆ ಕಾನೂನನ್ನು ಮಂಡಿಸಿದ ಲ್ಯೂಸಿಯನ್ ನ್ಯೂವಿರ್ತ್ ಬಲಪಂಥದವರು, ಆಗಿನ ಅಧ್ಯಕ್ಷ ದ ಗಾಲ್ ಪಕ್ಷದವರೇ. ಎರಡೂ ಮೇ 68ಕ್ಕಿಂತ ಮೊದಲಿನವು.

ಹಾಗಂತ ಮೇ 68 ಸುಮ್ನೆ ಬಂದು ಹೋಯಿತು ಅನ್ನುತ್ತಿಲ್ಲ. ಲಕ್ಷಾಂತರ ಕಾರ್ಮಿಕರು ಕೆಲಸ ನಿಲ್ಲಿಸಿದರು, ಕನಿಷ್ಠ ಕೂಲಿ ನೂರಕ್ಕೆ 35ರಷ್ಟು ಏರಿತು. ಆದರೆ ವೇದಿಕೆಯಲ್ಲಿ ಮಾತಾಡಿದವರು ಹೆಚ್ಚಾಗಿ ಗಂಡಸರು. ಹೆಂಗಸರು ತಮ್ಮದೇ ಚಳವಳಿ ಕಟ್ಟಿಕೊಂಡಿದ್ದು ಆಮೇಲೆ. 1970ರ ಆಗಸ್ಟಿನಲ್ಲಿ ಕೆಲವೇ ಮಂದಿ ಪ್ಯಾರಿಸ್ಸಿನ ವಿಜಯದ ಕಮಾನಿಗೆ ಹೋದರು. ಅಲ್ಲಿ ಅಜ್ಞಾತ ಸೈನಿಕನ ಸಮಾಧಿ ಇದೆ. ಅವನಿಗಿಂತಲೂ ಅಜ್ಞಾತಳಾದವಳು ಅವನ ಹೆಂಡತಿ ಎಂದು ಬರೆದುಕೊಂಡು, ಅವಳಿಗಾಗಿ ಹೂವು ಇಡಲು ಹೋಗಿದ್ದರು. ಪೊಲೀಸರು ಹಿಡಿದುಕೊಂಡು ಹೋದರು.

ನನ್ನ ಮಟ್ಟಿಗೆ ನಿಜವಾದ ತಿರುವು ಬಂದಿದ್ದು 1972ರಲ್ಲಿ, ಪ್ಯಾರಿಸ್ ಪಕ್ಕದ ಬೊಬಿನಿಯ ಕೋರ್ಟಿನಲ್ಲಿ. ಹದಿನಾರು ವರ್ಷದ ಹುಡುಗಿಯ ಮೇಲೆ ಅವಳ ಶಾಲೆಯ ಹುಡುಗನೊಬ್ಬ ಅತ್ಯಾಚಾರ ಮಾಡಿದ್ದ. ಅವಳು ಗರ್ಭ ತೆಗೆಸಿಕೊಂಡಳು; ಆಗ ಫ್ರಾನ್ಸಿನಲ್ಲಿ ಅದು ಅಪರಾಧ. ಅವಳ ತಾಯಿ ಮೆಟ್ರೋ ನೌಕರಳು, ಮೂರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಳು. ಕಳ್ಳತನದಲ್ಲಿ ಸಿಕ್ಕಿಬಿದ್ದ ಅದೇ ಹುಡುಗ ಪೊಲೀಸರಿಗೆ ಈ ವಿಷಯ ಹೇಳಿಬಿಟ್ಟ. ಕಟಕಟೆಗೆ ಬಂದವಳು ಹುಡುಗಿ! ಇದನ್ನು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ವಕೀಲೆ ಜಿಜೆಲ್ ಅಲಿಮಿ ಸಣ್ಣ ಶಿಕ್ಷೆಗಾಗಿ ಬೇಡಿಕೊಳ್ಳಲಿಲ್ಲ, ಕಾನೂನನ್ನೇ ಪ್ರಶ್ನಿಸಿದರು. ದುಡ್ಡಿದ್ದವರು ಇಂಗ್ಲೆಂಡಿಗೋ ಸ್ವಿಟ್ಜರ್‌ಲೆಂಡಿಗೋ ಹೋಗಿ ಬರುತ್ತಾರೆ, ಕೋರ್ಟಿಗೆ ಬರುವವರು ಬಡವರು ಮಾತ್ರ ಎಂದರು. ನೊಬೆಲ್ ಪಡೆದ ವಿಜ್ಞಾನಿ ಝಾಕ್ ಮೊನೊ ಅವರನ್ನೇ ಸಾಕ್ಷಿಗೆ ಕರೆಸಿದರು. ಹುಡುಗಿಯ ಬಿಡುಗಡೆಯಾಯಿತು. ಅವಳಿಗೆ ನೆರವಾದ ತಾಯಿಗೆ ಹಾಕಿದ ದಂಡವನ್ನೂ ಕಟ್ಟಿಸಿಕೊಳ್ಳದೆ ಅಮಾನತಿನಲ್ಲಿ ಇಟ್ಟರು. ಆಮೇಲೆ ಆ ಹಳೆಯ ಕಾನೂನಿಗೆ ಮುಖ ಉಳಿಯಲಿಲ್ಲ.

ಅದನ್ನು ಬದಲಿಸಿದವರು ಆರೋಗ್ಯ ಮಂತ್ರಿ ಸಿಮೋನ್ ವೇಯ್. ಹದಿನಾರನೇ ವಯಸ್ಸಿನಲ್ಲಿ ನಾಜಿಗಳ ಔಷ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಲ್ಪಟ್ಟು ಬದುಕಿ ಬಂದವರು. 1974ರ ನವೆಂಬರ್ 26ರಂದು ಗರ್ಭಪಾತಕ್ಕೆ ಒಪ್ಪಿಗೆ ಕೊಡುವ ಮಸೂದೆ ಹಿಡಿದು ಅವರು ಎದ್ದು ನಿಂತ ಸದನದಲ್ಲಿ ಗಂಡಸರು 481, ಹೆಂಗಸರು 9. ಶಿಬಿರದಿಂದ ಬದುಕಿ ಬಂದ ಅವರ ಎದುರಿಗೇ ಒಬ್ಬ ಸದಸ್ಯ ಗರ್ಭಪಾತವನ್ನು ನಾಜಿಗಳು ಹೆಣ ಸುಡುತ್ತಿದ್ದ ಕುಲುಮೆಗೆ ಹೋಲಿಸಿದ. ಮೂರು ದಿನದ ಚರ್ಚೆಯ ಕೊನೆಗೆ ಪರವಾಗಿ 284, ವಿರೋಧವಾಗಿ 189 ಮತ ಬಿದ್ದವು. ಸರ್ಕಾರದ ಸ್ವಂತ ಕಡೆಯವರು ಬಹಳ ಜನ ಕೈಕೊಟ್ಟಿದ್ದರು. ಎಡಪಕ್ಷಗಳ ಮತದಿಂದಲೇ ಅದು ಪಾಸಾಯಿತು.

ಇನ್ನು ಮದುವೆಯ ವಿಚಾರ. 1970ರಲ್ಲಿ 'ಮನೆಯ ಯಜಮಾನ' ಅನ್ನುವ ಗಂಡನ ಪದವಿಯನ್ನು ಕಾನೂನಿನಿಂದ ತೆಗೆದು, ಮಕ್ಕಳ ಜವಾಬ್ದಾರಿಯನ್ನು ತಂದೆತಾಯಿ ಇಬ್ಬರಿಗೂ ಕೊಟ್ಟರು. 1975ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. 1999ರಲ್ಲಿ ಮದುವೆಯಾಗದೆ ಜೊತೆಗಿರುವ ಜೋಡಿಗಳಿಗೂ, ಹೆಣ್ಣು-ಗಂಡು ಎಂಬ ಭೇದವಿಲ್ಲದೆ, 'ಪ್ಯಾಕ್ಸ್' ಎಂಬ ಒಪ್ಪಂದ ಸಿಕ್ಕಿತು. 1970ರಲ್ಲಿ ಹುಟ್ಟಿದ ಮಕ್ಕಳಲ್ಲಿ ಮದುವೆಯ ಹೊರಗೆ ಹುಟ್ಟಿದವರು ನೂರಕ್ಕೆ ಸುಮಾರು 7; 2000ದ ಹೊತ್ತಿಗೆ 40 ದಾಟಿತ್ತು. ಇದನ್ನು ಮುರಿಯುವುದು ಅಂತ ನಾನು ಕರೆಯುವುದಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರು ಅಪ್ಪ ಅಮ್ಮ ಇಬ್ಬರ ಜೊತೆಗೇ ಬೆಳೆದವರು.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಫ್ರಾನ್ಸಿನದೇ ಭಾಗ. ಪ್ಯಾರಿಸ್ಸಿನಲ್ಲಿ ಗರ್ಭಪಾತಕ್ಕೆ ಶಿಕ್ಷೆ ಇದ್ದ ಕಾಲದಲ್ಲೇ, ಅಲ್ಲಿನ ಬಡ ಹೆಂಗಸರಿಗೆ ಕೇಳದೆಯೇ ಗರ್ಭ ತೆಗೆಯುತ್ತಿದ್ದುದು, ಕೆಲವರಿಗೆ ಮುಂದೆ ಮಕ್ಕಳೇ ಆಗದ ಹಾಗೆ ಆಪರೇಷನ್ ಮಾಡುತ್ತಿದ್ದುದು 1970ರಲ್ಲಿ ಬಯಲಾಯಿತು. ಮರುವರ್ಷವೇ ಪ್ಯಾರಿಸ್ಸಿನಲ್ಲಿ 343 ಹೆಂಗಸರು ತಾವೂ ಗರ್ಭ ತೆಗೆಸಿಕೊಂಡವರು ಎಂದು ಪತ್ರಿಕೆಯಲ್ಲಿ ಧೈರ್ಯವಾಗಿ ಸಹಿ ಹಾಕಿದರು. ಆ ಹೇಳಿಕೆಯಲ್ಲಿ ರಿಯೂನಿಯನ್ ಹೆಂಗಸರ ಮಾತು ಬರಲಿಲ್ಲ.