ಕ್ಯಾಪ್ ಮಾಡೋದು ಯಂತ್ರ, ಬಿಲ್ ಮಾತ್ರ ಹಳೇದೇ?

"ಹಲ್ಲಿನ ಕ್ಯಾಪನ್ನು ಈಗ ಕಂಪ್ಯೂಟರೇ ಮಾಡಿ ಕೊಡುತ್ತೆ ಅಂತಾರೆ. ಹಾಗಾದರೆ ಖರ್ಚು ಅರ್ಧಕ್ಕಾದರೂ ಇಳಿಯಬೇಕಿತ್ತಲ್ವಾ?" ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಕ್ಯಾಪಿಗೆ ನೀವು ಕೊಡುವ ಹಣದಲ್ಲಿ ಲ್ಯಾಬಿಗೆ ಹೋಗುವುದು ಒಂದು ಪಾಲು ಮಾತ್ರ. ಉಳಿದದ್ದು ಡಾಕ್ಟರ ಸಮಯ, ಸಿಬ್ಬಂದಿ ಸಂಬಳ, ಬಾಡಿಗೆ. ಯಂತ್ರ ಅಗ್ಗ ಮಾಡಿರುವುದು ಮುಖ್ಯವಾಗಿ ಲ್ಯಾಬಿನ ಪಾಲನ್ನು. ಹಿಂದೆ ಟೆಕ್ನಿಷಿಯನ್ ಮೇಣದಲ್ಲಿ ಹಲ್ಲಿನ ಆಕಾರ ಕೆತ್ತಿ, ಲೋಹದ ಎರಕ ಹೊಯ್ದು, ಅದರ ಮೇಲೆ ಪಿಂಗಾಣಿಯನ್ನು ಪದರ ಪದರವಾಗಿ ಕೂರಿಸುತ್ತಿದ್ದರು. ಈಗ ಹಲ್ಲಿನ ಸ್ಕ್ಯಾನ್ ಫೈಲ್ ನೋಡಿ ಯಂತ್ರವೇ ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ವಸ್ತು) ಬಿಲ್ಲೆಯಿಂದ ಕ್ಯಾಪ್ ಕೊರೆಯುತ್ತದೆ. ಆಮೇಲೆ ಗಟ್ಟಿಯಾಗಲು ಕುಲುಮೆಯಲ್ಲಿ ಸುಟ್ಟಾಗ ಅದು ಸುಮಾರು ಶೇ 20ರಷ್ಟು ಕುಗ್ಗುತ್ತದೆ. ಆ ಲೆಕ್ಕ ಹಿಡಿದೇ ಸಾಫ್ಟ್‌ವೇರ್ ದೊಡ್ಡದಾಗಿ ಕೊರೆಸುತ್ತದೆ.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಮೂಡಿದ 'ಸೆರೆಕ್' ಯಂತ್ರ 1985ರಲ್ಲೇ ರೋಗಿ ಕುರ್ಚಿಯಲ್ಲಿ ಕೂತಿರುವಾಗಲೇ ಪಿಂಗಾಣಿ ತುಂಡು ಕೊರೆದು ಕೊಟ್ಟಿತ್ತು. ಆದರೂ ಬಿಲ್ ಕುಸಿಯಲಿಲ್ಲ. ಯಂತ್ರ ದುಬಾರಿ, ಸಾಫ್ಟ್‌ವೇರಿಗೂ ಹಣ ಕಟ್ಟಬೇಕು. ತಿಂಗಳಿಗೆ ನಾಲ್ಕೇ ಕ್ಯಾಪ್ ಹಾಕುವ ಕ್ಲಿನಿಕ್ಕಿಗೆ ಅದು ಉಳಿತಾಯವಲ್ಲ, ಸಾಲ. ಒಂದೇ ಭೇಟಿಗೆ ಕೆಲಸ ಮುಗಿದು ನಿಮಗೆ ಎರಡನೇ ದಿನದ ರಜೆ ಉಳಿದರೆ ಅದೂ ಲಾಭವೇ, ಬಿಲ್ಲಿನಲ್ಲಿ ಕಾಣಿಸುವುದಿಲ್ಲ ಅಷ್ಟೇ.

ನನಗೆ ಜಾಸ್ತಿ ಆಸೆ ಇರುವುದು ಹಲ್ಲಿನ ಸೆಟ್ಟಿನ ಮೇಲೆ. ಹಳೇ ಕ್ರಮದಲ್ಲಿ ದವಡೆಯ ಅಚ್ಚು, ಹಲ್ಲು ಕಚ್ಚುವ ಅಳತೆ, ಟ್ರಯಲ್ ಅಂತ ವಯಸ್ಸಾದವರು ನಾಲ್ಕೈದು ಸಲ ಅಲೆಯಬೇಕು. ಡಿಜಿಟಲ್ ಸೆಟ್ಟಿನಲ್ಲಿ ಭೇಟಿಗಳು ಕಡಿಮೆಯಾಗುತ್ತವೆ. ಸೆಟ್ಟನ್ನು ದ್ರವ ಪ್ಲಾಸ್ಟಿಕ್ಕಿನಿಂದ ಪದರ ಪದರವಾಗಿ ಮುದ್ರಿಸುವ ರೆಸಿನ್ ಪ್ರಿಂಟರ್, ಕೊರೆಯುವ ಯಂತ್ರಕ್ಕಿಂತ ಅಗ್ಗ, ಸಾಮಗ್ರಿಯೂ ಪೋಲಾಗುವುದು ಕಡಿಮೆ. ಎಲ್ಲಕ್ಕಿಂತ ಮುಖ್ಯ, ಫೈಲ್ ಉಳಿದಿರುತ್ತದೆ. ಸೆಟ್ ಕಳೆದುಹೋಯಿತು ಅನ್ನಿ, ದವಡೆ ತೀರಾ ಬದಲಾಗಿಲ್ಲದಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಸೆಟ್ ಮಾಡಿಸುವಾಗಲೇ ಆ ಫೈಲಿನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಇನ್ನೊಂದು ಪ್ರಿಂಟ್‌ಗೆ ಎಷ್ಟಾಗುತ್ತದೆ ಅಂತಲೂ ಆಗಲೇ ಕೇಳಿ.

ಹಾಗಂತ ಮನೆಯಲ್ಲೇ ಪ್ರಯೋಗ ಬೇಡ. 2016ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ತನ್ನ ಸೊಟ್ಟ ಹಲ್ಲು ಸರಿಪಡಿಸುವ ಅಲೈನರನ್ನು (ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ) 60 ಡಾಲರಿಗೂ ಕಡಿಮೆ ಖರ್ಚಿನಲ್ಲಿ ತಾನೇ ಮಾಡಿಕೊಂಡು ಸುದ್ದಿಯಾಗಿದ್ದ. ಪ್ಲಾಸ್ಟಿಕ್ ಅಗ್ಗ, ನಿಜ. ಯಾವ ಹಲ್ಲನ್ನು ಎಷ್ಟು ಸರಿಸಿದರೆ ಬೇರಿಗೆ ಪೆಟ್ಟಾಗುವುದಿಲ್ಲ ಅನ್ನುವ ತಿಳಿವಳಿಕೆಗೆ ನಾವು ಹಣ ಕೊಡುವುದು. ಅದನ್ನು ಪ್ರಿಂಟರ್ ಅಗ್ಗ ಮಾಡುವುದಿಲ್ಲ. ಕ್ಯಾಪಿಗೂ ಮೊದಲು ಎಷ್ಟೋ ಸಲ ಬೇಕಾಗುವ ರೂಟ್ ಕೆನಾಲ್ ಖರ್ಚನ್ನೂ ಅಷ್ಟೇ.

– ಸಂ.