ಓದುಗರ ಪ್ರಶ್ನೆ: ಅಳಿವೆಯಲ್ಲಿ ದಾರಿ ಯಾರದು?

ಪ್ರಶ್ನೆ: ಹೊನ್ನಾವರದ ಶರಾವತಿ ಅಳಿವೆಯಲ್ಲಿ ಪ್ರವಾಸಿಗರ ಸಣ್ಣ ಯಂತ್ರದೋಣಿ ನಡೆಸುತ್ತೇನೆ. ಎದುರಿಗೆ ದೋಣಿ ಬಂದರೆ ರಸ್ತೆಯಲ್ಲಿ ಮಾಡುವಂತೆ ಎಡಕ್ಕೆ ಸರಿಯಬೇಕೇ? ಮೀನುಗಾರಿಕೆ ಮುಗಿಸಿ ಬರುವ ಟ್ರಾಲ್ ಬೋಟು ನನ್ನ ಎಡಗಡೆಯಿಂದ ಬಂದರೆ, ಮೊದಲು ದಾಟುವ ಹಕ್ಕು ನನ್ನದಲ್ಲವೇ?

ಉತ್ತರ: ಎಡಕ್ಕಲ್ಲ, ಬಲಕ್ಕೆ ಸರಿಯಬೇಕು. 1972ರಲ್ಲಿ ರೂಪುಗೊಂಡು 1977ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಕಡಲಿಗೆ ಮಾತ್ರವಲ್ಲದೆ, ಕಡಲಿನ ಹಡಗುಗಳು ಒಳಬರಬಲ್ಲ ಅಳಿವೆಗಳಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಎದುರುಬದುರಾದ ಯಂತ್ರದೋಣಿಗಳೆರಡೂ ಬಲಕ್ಕೆ ತಿರುಗಿ, ಒಂದರ ಎಡಮಗ್ಗುಲಿಗೆ ಇನ್ನೊಂದರ ಎಡಮಗ್ಗುಲು ಬರುವಂತೆ ಹಾದುಹೋಗಬೇಕು. ಕಿರಿದಾದ ಕಾಲುವೆಯಲ್ಲಿ ಸಾಧ್ಯವಾದಷ್ಟೂ ಬಲದಂಚಿಗೇ ಹೊಂದಿಕೊಂಡು ಸಾಗಬೇಕು.

ನಿಮ್ಮ ಎರಡನೆಯ ಮಾತು ಅರ್ಧ ಸರಿ. ವಿಶಾಲವಾದ ನೀರಿನಲ್ಲಿ ಎರಡು ಯಂತ್ರದೋಣಿಗಳು ಅಡ್ಡಹಾಯುವಾಗ, ಯಾರ ಬಲಗಡೆಗೆ ಇನ್ನೊಂದು ದೋಣಿ ಇದೆಯೋ ಅವರು ದಾರಿ ಬಿಡಬೇಕು; ಅಂದರೆ ಇಲ್ಲಿ ನಿಮ್ಮ ಎಡಗಡೆಯಿಂದ ಬರುವ ಟ್ರಾಲ್ ಬೋಟು. ಬಲೆ ಎತ್ತಿಕೊಂಡು ದಡಕ್ಕೆ ಮರಳುವ ಟ್ರಾಲ್ ಬೋಟಿಗೆ, ಬಲೆ ಎಳೆಯುತ್ತಿರುವ ಬೋಟಿಗೆ ಸಿಗುವ ವಿನಾಯಿತಿಯೂ ಇಲ್ಲ. ಆದರೆ ಆ ಬೋಟು ಕಿರಿದಾದ ಆಳದ ಕಾಲುವೆಯನ್ನು ಬಿಟ್ಟರೆ ತಳ ತಾಗುವಂತಿದ್ದರೆ, 20 ಮೀಟರಿಗಿಂತ ಚಿಕ್ಕದಾದ ನಿಮ್ಮ ದೋಣಿ ಅದರ ಹಾದಿಗೆ ಅಡ್ಡಿಯಾಗಬಾರದು; ಅಡ್ಡಿಯಾಗುವುದಾದರೆ ಆಗ ಕಾಲುವೆಯನ್ನು ದಾಟಲೂಬಾರದು. ಇದರಿಂದ ಟ್ರಾಲ್ ಬೋಟಿನ ತಾಂಡೇಲರ (ಬೋಟು ನಡೆಸುವ ಮುಖ್ಯಸ್ಥರ) ಹೊಣೆಯೇನೂ ತಪ್ಪುವುದಿಲ್ಲ. ಡಿಕ್ಕಿಯ ಸಂಭವ ಒದಗಿದರೆ ಉಳಿದ ನಿಯಮಗಳು ಅವರಿಗೂ ಪೂರ್ತಿಯಾಗಿ ಅನ್ವಯಿಸುತ್ತವೆ.

ಮೊದಲು ದಾಟುವ ‘ಹಕ್ಕು’ ಎಂಬ ಭಾವನೆಯೇ ಅಪಾಯಕಾರಿ ಎಂದು ನನಗನ್ನಿಸುತ್ತದೆ. ಇತರರು ದಾರಿ ಬಿಡಬೇಕಾದಾಗ ನಿಮಗಿರುವುದು ದಿಕ್ಕನ್ನೂ ವೇಗವನ್ನೂ ಬದಲಿಸದೆ ಸಾಗುವ ಕರ್ತವ್ಯ. ಅವರು ಬಿಡುತ್ತಿಲ್ಲವೆಂದು ಸ್ಪಷ್ಟವಾದರೆ ನೀವೇ ತಪ್ಪಿಸಿಕೊಳ್ಳಬಹುದು. ಅವರೊಬ್ಬರಿಂದಲೇ ಡಿಕ್ಕಿ ತಪ್ಪದಷ್ಟು ಹತ್ತಿರವಾದರೆ ತಪ್ಪಿಸಿಕೊಳ್ಳಲೇಬೇಕು. ಆಗಲೂ ಎಡಗಡೆಯಿಂದ ಬರುವ ದೋಣಿಯತ್ತ, ಅಂದರೆ ಎಡಕ್ಕೆ, ತಿರುಗಿಸುವುದನ್ನು ಆದಷ್ಟೂ ಬಿಡಬೇಕು. ಅವರ ಉದ್ದೇಶ ತಿಳಿಯದಿದ್ದರೆ ಬೇಗಬೇಗನೆ ಕನಿಷ್ಠ ಐದು ಬಾರಿ ಚುಟುಕಾಗಿ ಹಾರ್ನ್ ಹಾಕಿ. ಒಮ್ಮೆ ಹಾಕಿದರೆ ‘ಬಲಕ್ಕೆ ತಿರುಗುತ್ತಿದ್ದೇನೆ’ ಎಂದೂ ಎರಡು ಬಾರಿ ಹಾಕಿದರೆ ‘ಎಡಕ್ಕೆ’ ಎಂದೂ ಅರ್ಥ.

ಪ್ರಶ್ನೆ: ಕತ್ತಲಲ್ಲಿ ಬೇರೆ ದೋಣಿಯ ದಿಕ್ಕನ್ನು ಹೇಗೆ ತಿಳಿಯಬೇಕು?

ಉತ್ತರ: ದೋಣಿಯ ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು, ಹಿಂಬದಿಗೆ ಬಿಳಿ ದೀಪವಿರುತ್ತದೆ. ಕೆಂಪು ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನೇರ ನಿಮ್ಮತ್ತಲೇ ಬರುತ್ತಿದೆ. ನಿಮ್ಮ ಬಲಗಡೆ ಯಂತ್ರದೋಣಿಯೊಂದರ ಕೆಂಪು ದೀಪ ಮಾತ್ರ ಕಂಡು, ಅದು ನಿಮ್ಮ ಹಾದಿಗೆ ಅಡ್ಡ ಬರುತ್ತಿದ್ದರೆ ದಾರಿ ಬಿಡಬೇಕಾದವರು ನೀವು. ವೇಗ ತಗ್ಗಿಸಿ ಅದರ ಹಿಂದಿನಿಂದ ಹೋಗಿ. ಬಿಳಿ ದೀಪವೊಂದೇ ಕಂಡರೆ ಅದು ನಿಮ್ಮ ಮುಂದೆ ಹೋಗುತ್ತಿರುವ ದೋಣಿಯಾಗಿರಬಹುದು, ಲಂಗರು ಹಾಕಿದ್ದಾಗಿರಬಹುದು, ಇಲ್ಲವೇ ಬಿಳಿ ದೀಪವೊಂದನ್ನೇ ಇಟ್ಟುಕೊಳ್ಳಲು ಅನುಮತಿಯಿರುವ ನಿಧಾನದ ಪುಟ್ಟ ದೋಣಿಯಾಗಿರಬಹುದು. ಯಾವುದೆಂದು ಖಚಿತವಾಗುವ ತನಕ ವೇಗ ಕಡಿಮೆ ಇರಲಿ.